ಲಾನ್ ಬಿಡಿ, ಲಾವಂಚ ನೆಡಿ

ದಾಂಡೇಲಿ, ಜೋಯಿಡಾದ ರೆಸಾರ್ಟು, ಹೋಮ್‌ಸ್ಟೇಗಳ ಮುಂದೆ ಬೇಸಿಗೆಯಿಡೀ ನೀರು ಬೇಡುವ ಲಾನ್ ಏಕೆ? ಹಳಿಯಾಳ, ಮುಂಡಗೋಡದ ಒಣ ಕಲ್ಲುನೆಲಕ್ಕೂ ಒಗ್ಗುವ ಲಾವಂಚ ನಮ್ಮಲ್ಲೇ ಇದೆ.

ಆಳೆತ್ತರದ ಹಸಿರು ಹಿಂಡು, ತುದಿಯಲ್ಲಿ ನೇರಳೆ ಛಾಯೆಯ ತೆನೆ. ಚೆಲುವಿನಲ್ಲಿ ಯಾವ ಆಮದು ಹುಲ್ಲಿಗೂ ಕಡಿಮೆಯಿಲ್ಲ. ಬೇರು ಅಡ್ಡ ಹರಡದೆ ನೇರ ಕೆಳಗಿಳಿಯುತ್ತದೆ, ಸಡಿಲ ಮಣ್ಣು ಸಿಕ್ಕರೆ 3 ಮೀಟರ್‌ವರೆಗೂ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಇದನ್ನು ಹೊಲದ ಗಡಿಗೆ ನೆಟ್ಟು ಮಣ್ಣು ಉಳಿಸಿಕೊಂಡವರು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ತಜ್ಞರು ಈ ಹುಲ್ಲಿನ ಬೇಲಿಯನ್ನೇ ಜಗತ್ತಿಗೆ ಪರಿಚಯಿಸಿದರು.

ನೆಡುವುದು ಸುಲಭ. ಮುಂಗಾರು ಹಿಡಿದ ಮೇಲೆ ಹಾರೆಯಿಂದ ಗುಳಿ ಹೊಡೆದು, ಒಂದಿಷ್ಟು ಗೊಬ್ಬರಮಣ್ಣು ತುಂಬಿ, ಗೇಣುದ್ದಕ್ಕೆ ಕತ್ತರಿಸಿದ ಬುಡವನ್ನು ಊರಬೇಕು. ಮೊದಲ ಬೇಸಿಗೆಗೆ ನೀರು ಕೊಟ್ಟರಾಯಿತು.

ತೋಟಗಾರಿಕೆ ಇಲಾಖೆ ಬರುವ ಮಳೆಗಾಲಕ್ಕೇ ಈ ನಾಲ್ಕೂ ತಾಲ್ಲೂಕುಗಳಲ್ಲಿ ಲಾವಂಚದ ಸಸಿ ಹಂಚಲಿ.