ಮಕ್ಕಳ ಕೈಯಲ್ಲಿ ಬಣ್ಣದ ಗಾಜು

ಕೂಡಿಡುವ ಆಸೆ ಮಕ್ಕಳಿಗೆ ಸಹಜವಾದುದು. ಹಿಂದಿನ ತಲೆಮಾರಿನವರು ಬೆಂಕಿಪೊಟ್ಟಣದ ಚಿತ್ರಗಳನ್ನೂ ಅಂಚೆಚೀಟಿಗಳನ್ನೂ ಕೂಡಿಟ್ಟರು. ಇಂದಿನ ಮಕ್ಕಳ ಶಾಲಾಚೀಲದಲ್ಲಿ ಆ ಸ್ಥಾನವನ್ನು ಅಚ್ಚಾದ ಬಣ್ಣಬಣ್ಣದ ಕಾರ್ಡುಗಳು ಪಡೆದಿವೆ. 1993ರಲ್ಲಿ ಅಮೆರಿಕದಲ್ಲಿ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟದೊಡನೆಯೂ, 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಆಟದೊಡನೆಯೂ ಹೊರಬಂದ ಇಂತಹ ಕಾರ್ಡುಗಳು ಮುಚ್ಚಿದ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ. ಒಳಗೆ ಯಾವ ಕಾರ್ಡಿದೆಯೆಂಬುದು ಹಣ ಕೊಟ್ಟ ಮೇಲೆಯೇ ತಿಳಿಯುವುದು. ಬಯಸಿದ್ದು ದೊರೆಯದಿದ್ದರೆ ಮತ್ತೊಂದು ಪೊಟ್ಟಣ, ಅದೂ ಆಗದಿದ್ದರೆ ಇನ್ನೊಂದು. ಅಪರೂಪದ ಕಾರ್ಡುಳ್ಳವನು ಹೆಚ್ಚಿನವನು, ಇಲ್ಲದವನು ಕಡಿಮೆಯವನು ಎಂಬ ಎಣಿಕೆಯೂ ಎಳೆಯ ಗೆಳೆಯರ ನಡುವೆ ನುಸುಳುತ್ತದೆ. ತಂದೆತಾಯಂದಿರು ಆತಂಕಪಡುವುದು ಸಹಜವೇ. ಆದರೆ ಕಾರ್ಡುಗಳನ್ನು ಕಿತ್ತುಕೊಂಡ ಮಾತ್ರಕ್ಕೆ ಆಸೆ ಅಳಿಯದು. ಅದಕ್ಕೊಂದು ಒಳ್ಳೆಯ ದಾರಿಯನ್ನು ತೋರಬೇಕು.

ಅಂತಹ ದಾರಿಯೊಂದನ್ನು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಕಲಾವಿದ ಎಂ. ವಾಂಚಿ ಸ್ಟಿರ್ನೆಮನ್ ಅವರು 1997ರಲ್ಲಿ ತೋರಿದರು. ಅವರು ತಮ್ಮ ಕೈಯಿಂದಲೇ 1,200 ಚಿಕ್ಕ ಕಾರ್ಡುಗಳನ್ನು ರಚಿಸಿ ಪ್ರದರ್ಶನಕ್ಕಿಟ್ಟರು. ಪ್ರದರ್ಶನದ ಕೊನೆಯ ದಿನ, ನೋಡಬಂದವರೆಲ್ಲರೂ ತಾವೇ ಒಂದು ಕಾರ್ಡನ್ನು ಬರೆದು ತಂದು ತಮ್ಮೊಡನೆ ಬದಲಾಯಿಸಿಕೊಳ್ಳಬಹುದೆಂದು ಆಹ್ವಾನಿಸಿದರು. ಮಾಡಬೇಕಾದುದು ಇಷ್ಟೆ: ಕಾರ್ಡಿನ ಅಳತೆ 64 ಮಿಲಿಮೀಟರ್ ಅಗಲ, 89 ಮಿಲಿಮೀಟರ್ ಉದ್ದ, ಹಿಂಬದಿಯಲ್ಲಿ ಬರೆದವರ ಹೆಸರು ಮತ್ತು ದಿನಾಂಕ. ಇದನ್ನು ಮಾರುವಂತಿಲ್ಲ, ಬದಲಾಯಿಸಿಕೊಳ್ಳಬಹುದು ಮಾತ್ರ. ಅದೇ ವರ್ಷ ಈ ಪದ್ಧತಿ ಕೆನಡಾವನ್ನು ತಲುಪಿತು. ಮುಂದೆ ಹಲವು ದೇಶಗಳಿಗೆ ಹರಡಿತು. ಕೈಯಿಂದ ಬರೆದ ಕಾರ್ಡು ಕನ್ನಡನಾಡಿಗೂ ಅಪರಿಚಿತವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಗಂಜೀಫಾ ಎಲೆಗಳು ಚಿತ್ರಕಾರರ ಕುಂಚದಿಂದಲೇ ರೂಪುಗೊಂಡವು.

ಮಾರಬಾರದೆಂಬ ಆ ಒಂದು ನಿಯಮವನ್ನು ಕುರಿತು ನಾವು ಯೋಚಿಸಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ನಮ್ಮ ಮನೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ದುಡಿಮೆಯ ಫಲವನ್ನು ಹಂಚಿ ಉಣ್ಣಬೇಕು, ಅಗತ್ಯ ಮೀರಿ ಕೂಡಿಡಬಾರದು ಎಂಬುದು ಅದರ ತಿರುಳು. ಅಂಗಡಿಯ ಪೊಟ್ಟಣ ಮಗುವಿಗೆ ಕೂಡಿಡುವುದನ್ನಷ್ಟೇ ಕಲಿಸುತ್ತದೆ. ತಾನೇ ಬರೆದ ಕಾರ್ಡಿನಲ್ಲಿ ಕಾಯಕವಿದೆ, ಅದನ್ನು ಗೆಳೆಯನಿಗೆ ಕೊಡುವುದರಲ್ಲಿ ದಾಸೋಹದ ಎಳೆಯ ಚಿಗುರಿದೆ. ಬಡವನ ಮಗುವೂ ಸಿರಿವಂತನ ಮಗುವೂ ಇಲ್ಲಿ ಸಮಾನರು. ಇಬ್ಬರ ಬಂಡವಾಳವೂ ಒಂದು ತುಂಡು ಕಾಗದ, ನಾಲ್ಕು ಬಣ್ಣ.

ಯಾವ ಬಗೆಯ ಚಿತ್ರವನ್ನು ಬರೆಯಬೇಕು? ಅಂಗೈಗಿಂತ ಚಿಕ್ಕದಾದ ಜಾಗಕ್ಕೆ ಬಣ್ಣದ ಗಾಜಿನ ಶೈಲಿ ಚೆನ್ನಾಗಿ ಒಪ್ಪುತ್ತದೆ. ಜೂರಿಕ್ ನಗರದ ಫ್ರೌಮ್ಯೂನ್‌ಸ್ಟರ್ ದೇವಾಲಯದಲ್ಲಿ ಚಿತ್ರಕಾರ ಮಾರ್ಕ್ ಶಗಾಲ್ ಅವರ ಐದು ಗಾಜಿನ ಕಿಟಕಿಗಳಿವೆ. 1970ರಲ್ಲಿ ಅವು ಅಲ್ಲಿ ಸ್ಥಾಪನೆಯಾದಾಗ ಶಗಾಲ್ ಎಂಬತ್ತು ದಾಟಿದ್ದರು. ನಮ್ಮ ಓದುಗರಲ್ಲಿ ಅನೇಕರು ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ನಿಂತು, ನವಿಲುಗಳ ವಿನ್ಯಾಸವುಳ್ಳ ಗಾಜಿನ ಚಾವಣಿಯನ್ನು ತಲೆಯೆತ್ತಿ ನೋಡಿರಬಹುದು. ಇಂತಹ ಕಿಟಕಿಗಳಲ್ಲಿ ಬೇರೆ ಬೇರೆ ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಬೆಸೆದಿರುತ್ತಾರೆ. ಆ ಪಟ್ಟಿಗಳೇ ನಮ್ಮ ಕಣ್ಣಿಗೆ ಕಪ್ಪು ಗೆರೆಗಳಾಗಿ ಕಾಣುವುವು. ಹಿಂದಿನಿಂದ ಬರುವ ಸೂರ್ಯನ ಬೆಳಕು ಬಣ್ಣಗಳಿಗೆ ಜೀವ ತುಂಬುತ್ತದೆ.

ಕಾಗದದ ಹಿಂದೆ ಸೂರ್ಯನಿಲ್ಲ. ಅಲ್ಲಿ ಕಾಗದದ ಬಿಳುಪೇ ಬೆಳಕು. ಆದ್ದರಿಂದ ಬಣ್ಣವನ್ನು ನೀರಿನಲ್ಲಿ ತೆಳುವಾಗಿ ಕರಗಿಸಬೇಕು. ಕೆಳಗಿನ ಬಿಳುಪು ಅದರೊಳಗಿಂದ ಹೊಳೆಯಬೇಕು. ಬಿಳಿಯ ಬಣ್ಣವನ್ನು ಬೆರೆಸಿದರೆ ಹೊಳಪು ಮಾಸಿಹೋಗುತ್ತದೆ. ಮೊದಲು ದಪ್ಪನೆಯ ಡ್ರಾಯಿಂಗ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಪೆನ್ಸಿಲಿನಿಂದ ನಸುವಾಗಿ ಚಿತ್ರ ಬರೆಯಲಿ. ಬಿಲ್ವದ ಮೂರು ಎಲೆ, ಕಮಲ, ಉರಿಯುವ ಹಣತೆ ಇವು ಆರಂಭಕ್ಕೆ ತಕ್ಕವು. ಯಾವ ಗೆರೆಯೂ ನಡುವೆ ನಿಲ್ಲದೆ ಇನ್ನೊಂದು ಗೆರೆಯನ್ನೋ ಅಂಚನ್ನೋ ಮುಟ್ಟಬೇಕು. ನಿಜವಾದ ಕಿಟಕಿಯಲ್ಲಿ ಆಧಾರವಿಲ್ಲದ ಗಾಜು ಉಳಿಯದಷ್ಟೆ. ಹಿನ್ನೆಲೆಯನ್ನೂ ನಾಲ್ಕಾರು ತುಂಡುಗಳಾಗಿ ಒಡೆಯಲಿ.

ಆಮೇಲೆ ಒಂದೊಂದೇ ತುಂಡಿಗೆ ಬಣ್ಣ ಹಚ್ಚಬೇಕು. ಪಕ್ಕದ ತುಂಡು ಒಣಗುವ ಮುನ್ನ ಕುಂಚವಿಟ್ಟರೆ ಎರಡು ಬಣ್ಣಗಳೂ ಕಲೆತು ಕೆಡುತ್ತವೆ. ಮೊದಲ ಲೇಪ ಒಣಗಿದ ಬಳಿಕ ಅಂಚುಗಳಿಗೆ ಮಾತ್ರ ಎರಡನೆಯ ಲೇಪ ಕೊಟ್ಟು ನಡುವನ್ನು ತಿಳಿಯಾಗಿ ಬಿಟ್ಟರೆ ಗಾಜಿನ ಭಾವ ಮೂಡುತ್ತದೆ. ನೀರಿಗೆ ಅಳಿಸದ ಕಪ್ಪು ಶಾಯಿಯ ಗೆರೆ ಎಲ್ಲಕ್ಕಿಂತ ಕೊನೆಯದು. ಅದು ಒಂದು ಮಿಲಿಮೀಟರಿನಷ್ಟು ದಪ್ಪವಿದ್ದರೆ ಸಾಕು. ಅಂಚಿನಲ್ಲಿ ಬಣ್ಣ ಅಲ್ಪಸ್ವಲ್ಪ ಆಚೀಚೆ ಹರಿದಿದ್ದರೂ ಈ ಗೆರೆ ಮರೆಮಾಡುತ್ತದೆ. ಒಂದು ಸಂಜೆಗೆ ಒಂದು ಕಾರ್ಡು, ಅವಸರ ಬೇಡ.

ಹಿರಿಯರು ಗಮನಿಸಬೇಕಾದ ವಿಷಯವೊಂದುಂಟು. ಅಣ್ಣನ ಕಾರ್ಡು ಚೆನ್ನ, ತಂಗಿಯದು ಸಾಧಾರಣ ಎಂದು ತೂಗಬಾರದು. ಹಾಗೆ ತೂಗಿದರೆ, ನಾವು ಬಿಡಿಸಲು ಹೊರಟ ಹೆಚ್ಚುಕಡಿಮೆಯ ಎಣಿಕೆಯನ್ನು ನಾವೇ ಮನೆಯೊಳಕ್ಕೆ ಕರೆತಂದಂತಾಗುವುದು. ಕೊಟ್ಟದ್ದಕ್ಕೆ ಸಮನಾದುದು ಬಂದಿತೇ ಎಂದು ಮಗು ಲೆಕ್ಕ ಹಾಕಿದರೆ ಮೆಲ್ಲನೆ ತಿದ್ದಬೇಕು. ಸ್ನೇಹಿತೆ ಒಂದು ಸಂಜೆಯ ಹೊತ್ತನ್ನು ತನಗಾಗಿ ಮೀಸಲಿಟ್ಟಳೆಂಬುದೇ ಆ ಕಾರ್ಡಿನ ಬೆಲೆ ಎಂದು ತಿಳಿಹೇಳಬೇಕು.

ಬಸವ ಜಯಂತಿಗೆ ಪ್ರತಿವರ್ಷ ಬಂಧುಮಿತ್ರರು ಸೇರುತ್ತಾರೆ. ಮುಂದಿನ ಜಯಂತಿಯಂದು ಮನೆಯ ಮಕ್ಕಳು ತಾವೇ ಬರೆದ ಐದಾರು ಕಾರ್ಡುಗಳನ್ನು ಹಿಡಿದು ಬರಲಿ. ಒಂದನ್ನು ಅಜ್ಜಿಗೆ, ಒಂದನ್ನು ನೆರೆಮನೆಯ ಗೆಳೆಯನಿಗೆ, ಒಂದನ್ನು ಅಂದೇ ಪರಿಚಯವಾದ ಮಗುವಿಗೆ ಕೊಡಲಿ. ಮನೆಗೆ ಮರಳುವಾಗ ಅವರ ಕೈಯಲ್ಲಿ ಇತರರು ಬರೆದುಕೊಟ್ಟ ಕಾರ್ಡುಗಳಿರಲಿ. ಅಂತಹ ಸಂಗ್ರಹವನ್ನು ಯಾವ ತಾಯಿಯೂ ಬೇಡವೆನ್ನಲಾರಳು.