ಕಡಲಡಿಯ ಚಿತ್ರಕ್ಕೆ ಮೊದಲ ಮಸೂರ

ಮಾರಿಕುಪ್ಪಂನವರಿಗೆ ಕಡಲಿನ ಗೊಡವೆ ಏಕೆ ಎಂದು ಕೆಲವು ಮಿತ್ರರು ನಗಬಹುದು. ರೈಲುಹಳಿ ಮುಗಿಯುವ ಊರು ನಮ್ಮದು. ಅರಬ್ಬೀ ಸಮುದ್ರವೆಂದರೆ ಇಡೀ ಒಂದು ರಾತ್ರಿಯ ಪ್ರಯಾಣ. ಆದರೂ ನಮ್ಮ ಸಹಪಾಠಿಗಳಲ್ಲಿ ಮೂವರು ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದ ಬಳಿ ಮುಳುಗಿ ಬಂದಿದ್ದಾರೆ. ಅಲ್ಲಿಯ ಬಂಡೆ, ಹವಳ, ಮೀನುಗಳನ್ನು ಚಿತ್ರದಲ್ಲಿ ಹಿಡಿದು ತರಬೇಕೆಂಬ ಹಂಬಲ ಅವರಿಗೆ ಹತ್ತಿದೆ. ಅವರು ಕೂಡಿದಲ್ಲೆಲ್ಲ ಒಂದೇ ಚರ್ಚೆ: ಮೊದಲು ಕೊಳ್ಳಬೇಕಾದ ವಿಶಾಲಕೋನ ಮಸೂರ ಯಾವುದು? ನೇರ ಗೆರೆಯನ್ನು ನೇರವಾಗಿಯೇ ತೋರಿಸುವುದೋ, ಗೆರೆಯನ್ನು ಬಾಗಿಸಿದರೂ 180 ಡಿಗ್ರಿಯವರೆಗೆ ನೋಡುವ ‘ಫಿಶ್ ಐ’ ಎಂಬ ಮೀನುಗಣ್ಣಿನ ಮಸೂರವೋ? ಮೀನುಗಣ್ಣೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಕೇವಲ ಅಭಿರುಚಿಯ ಮಾತಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ತಂದ ಹಣದಲ್ಲಿ ನಮ್ಮ ಎಷ್ಟೋ ಮನೆಗಳು ನಡೆಯುತ್ತಿವೆ. ಅಂಥ ಮನೆಯ ಹುಡುಗ ಎರಡು ಸಲ ಮಸೂರ ಕೊಳ್ಳಲಾರ. ಮೊದಲನೆಯದೇ ಬಹುಕಾಲ ಕಡೆಯದೂ ಆಗಿರುತ್ತದೆ.

ನೆಲದ ಮೇಲೆ ವಿಶಾಲಕೋನವನ್ನು ಬಳಸುವುದು ದೊಡ್ಡ ನೋಟವನ್ನು ಚೌಕಟ್ಟಿನಲ್ಲಿ ಅಡಗಿಸುವುದಕ್ಕೆ. ನೀರಿನಲ್ಲಿ ಅದನ್ನು ಬಳಸುವುದು ವಸ್ತುವಿನ ಹತ್ತಿರ ಹೋಗುವುದಕ್ಕೆ. ನೀರು ಬೆಳಕನ್ನು ನುಂಗುತ್ತದೆ, ಅದರಲ್ಲಿಯೂ ಕೆಂಪನ್ನು ಮೊದಲು. ಕೆಲವೇ ಮೀಟರು ಆಳದಲ್ಲಿ ಕೆಂಪು ಮೀನು ಮಂಕು ಬೂದುಬಣ್ಣಕ್ಕೆ ತಿರುಗುತ್ತದೆ. ತೇಲುವ ಕಣಗಳು ಮಂಜು ಕವಿಸುತ್ತವೆ. ನಾವು ಕೊಂಡೊಯ್ದ ದೀಪವೂ ಒಂದೆರಡು ಮೀಟರಿನಾಚೆ ಬಣ್ಣವನ್ನು ಮರಳಿ ತರಲಾರದು. ತಲೆದೀಪ ಹೊತ್ತು ಗಣಿಗಿಳಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಧೂಳಿನಲ್ಲಿ ದೀಪ ಎಷ್ಟು ದೂರ ಹೋದೀತು? ಮೊಳದಷ್ಟು ಸಮೀಪ ನಿಂತು, ಅಲ್ಲಿಂದಲೇ ಇಡೀ ಬಂಡೆಯನ್ನು ಕಾಣುವ ಕಣ್ಣು ಬೇಕು.

ಇನ್ನೊಂದು ತೊಡಕು ಕ್ಯಾಮರಾವನ್ನು ನೀರಿನಿಂದ ಕಾಯುವ ಪೆಟ್ಟಿಗೆಯದು. ಅದರ ಮುಂದಿನ ಗಾಜು ಚಪ್ಪಟೆಯಾಗಿದ್ದರೆ ವಕ್ರೀಭವನದಿಂದ ನೋಟದ ಕೋನ ಕುಗ್ಗುತ್ತದೆ. ಪೂರ್ಣ ಚೌಕಟ್ಟಿನ ಕ್ಯಾಮರಾದಲ್ಲಿ ಮೂಲೆಯಿಂದ ಮೂಲೆಗೆ 107 ಡಿಗ್ರಿ ನೋಡುವ 16 ಮಿಲಿಮೀಟರು ಮಸೂರಕ್ಕೆ ನೀರಿನಲ್ಲಿ ಸುಮಾರು 74 ಡಿಗ್ರಿಯೇ ಉಳಿಯುತ್ತದೆ. ಆದುದರಿಂದ ಗುಮ್ಮಟದಂಥ ಗಾಜು ಅನಿವಾರ್ಯ. ಆದರೆ ಗುಮ್ಮಟವು ದೂರದ ವಸ್ತುವಿನ ಮಿಥ್ಯಾಬಿಂಬವನ್ನು ತನ್ನ ಸಮೀಪದಲ್ಲಿಯೇ, ಅದೂ ಬಾಗಿದ ರೂಪದಲ್ಲಿ, ರಚಿಸುತ್ತದೆ. ನೇರಗೆರೆಯ ಮಸೂರಕ್ಕೆ ಆ ಬಾಗು ಒಗ್ಗದು; ಮೂಲೆಗಳು ಕಲಸಿಹೋಗುತ್ತವೆ. ಅದನ್ನು ತಿದ್ದಲು ದೊಡ್ಡ ಗುಮ್ಮಟ ಬೇಕು, ಮಸೂರದ ದ್ವಾರವನ್ನೂ ಕಿರಿದುಮಾಡಬೇಕು. ಮೊದಲೇ ಕೊರತೆಯಾದ ಬೆಳಕು ಮತ್ತಷ್ಟು ಕೊರತೆ. ಮೀನುಗಣ್ಣಾದರೋ ಚಿಕ್ಕ ಗುಮ್ಮಟದ ಹಿಂದೆಯೂ ಒಪ್ಪವಾಗಿ ಕೆಲಸಮಾಡುತ್ತದೆ. ದೊಡ್ಡ ಗುಮ್ಮಟದ ಬೆಲೆಯನ್ನು ಮಸೂರದ ಬೆಲೆಯೊಡನೆ ಕೂಡಿಸಿ ನೋಡದೆ ಯಾರೂ ಅಂಗಡಿಯ ಮೆಟ್ಟಿಲು ಹತ್ತಬಾರದು.

‘ಗೆರೆಗಳೆಲ್ಲ ಬಾಗುವುವಲ್ಲ!’ ಎಂಬುದು ಪ್ರತಿಪಕ್ಷದವರ ದೊಡ್ಡ ಆಕ್ಷೇಪ. ಹವಳದ ಬಂಡೆಯಲ್ಲಿ ನೇರಗೆರೆ ಎಲ್ಲಿದೆ, ಸ್ವಾಮಿ? ನೀರು ತುಂಬಿ ನಿಂತಿರುವ ನಮ್ಮ ಗಣಿಯ ಸುರಂಗಗಳಿಗಾದರೆ ನಾನೂ ನೇರಗೆರೆಯ ಮಸೂರವನ್ನೇ ಕೇಳುತ್ತಿದ್ದೆನೇನೋ. (ಅಲ್ಲಿಗೆ ಯಾರೂ ಇಳಿಯತಕ್ಕದ್ದಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.) ಚೌಕಟ್ಟಿನ ಅಂಚಿನಲ್ಲಿ ಮನುಷ್ಯನ ಕೈಕಾಲು ಸೊಟ್ಟಗಾಗುವುದುಂಟು, ಮಿತ್ರನನ್ನು ನಡುವೆ ತೇಲಿಸಿದರಾಯಿತು. ಬೆದರಿ ದೂರ ಸರಿಯುವ ಮೀನು ಮಾತ್ರ ಚಿತ್ರದಲ್ಲಿ ಚುಕ್ಕೆಯಾಗಿಬಿಡುತ್ತದೆ. ಈ ನಷ್ಟವನ್ನು ನಾನು ಒಪ್ಪುತ್ತೇನೆ.

ಅದಕ್ಕೆ ಪ್ರತಿಯಾಗಿ ದೊರೆಯುವುದೇನು? ಶಾಂತವಾದ ನೀರಿನಡಿಯಿಂದ ಮೇಲೆ ನೋಡಿದರೆ ಇಡೀ ಆಕಾಶ ಸುಮಾರು 97 ಡಿಗ್ರಿಯ ದುಂಡು ಕಿಟಕಿಯೊಂದರಲ್ಲಿ ಅಡಗಿರುತ್ತದೆ, ಬಾವಿಯ ತಳದಿಂದ ಅದರ ಬಾಯನ್ನು ನೋಡಿದ ಹಾಗೆ. ಆ 16 ಮಿಲಿಮೀಟರು ಮಸೂರ ಅದನ್ನು ಅಗಲದಲ್ಲಿ ಹೇಗೋ ಹಿಡಿಸಿ ಎತ್ತರದಲ್ಲಿ ಕತ್ತರಿಸಿಬಿಡುತ್ತದೆ. ಮೀನುಗಣ್ಣು ಹೆಚ್ಚುಕಡಮೆ ಪೂರ್ತಿಯಾಗಿ ತುಂಬಿಕೊಳ್ಳುತ್ತದೆ.

ಮೂವರಿಗೂ ನನ್ನ ಸಲಹೆ ಇಷ್ಟೇ: ಹಣ ಕೂಡಿಸಿ ಒಂದೇ ಮಸೂರ, ಒಂದೇ ಚಿಕ್ಕ ಗುಮ್ಮಟ ಕೊಳ್ಳಿರಿ, ಸರದಿಯಲ್ಲಿ ಇಳಿಯಿರಿ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೊರಡುವುದಿಲ್ಲ. ಆ ತಿಂಗಳುಗಳಲ್ಲಿ ಕ್ಯಾಮರಾ ಇಡದ ಬರಿಯ ಪೆಟ್ಟಿಗೆಯನ್ನು ಮನೆಯ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ಎಲ್ಲಿಯಾದರೂ ಸೋರುತ್ತದೆಯೇ ಎಂದು ನೋಡಿಕೊಳ್ಳಿರಿ.