ಕಿತ್ತಳೆ ತುದಿ ಕಿತ್ತರೆ ಅದು ಕಸುಬಲ್ಲ

ಏರ್‌ಸಾಫ್ಟ್ ಪಿಸ್ತೂಲಿಗೆ ಪಾಲಿಶ್ ಹಾಕುತ್ತಾ ಕೂರುವವರನ್ನು ನಾನು ಗೇಲಿ ಮಾಡುವವನಲ್ಲ. ಜಪಾನಿನಲ್ಲಿ ಹುಟ್ಟಿ, 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಹಾರಿಸುವ ಈ ನಕಲಿ ಪಿಸ್ತೂಲಿನ ಮೈಮೇಲೆ ಅಚ್ಚಿನ ಗೆರೆ ಉಳಿದಿರುತ್ತದೆ. 400, 800, 1500 ನಂಬರಿನ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ ಅದನ್ನು ಮಾಯ ಮಾಡಬೇಕು. ಲೋಹದ ಪುಡಿ ಬೆರೆಸಿದ ಪ್ಲಾಸ್ಟಿಕ್ ಆದರೆ ಬ್ಲೂಯಿಂಗ್ ದ್ರಾವಣ ಸವರಿ ಉಕ್ಕಿನ ನೀಲಿಗಪ್ಪನ್ನೇ ತರಿಸಬಹುದು. ತಾಳ್ಮೆಯ ಕೆಲಸ, ಒಪ್ಪಿದೆ.

ಆದರೆ ಅಮೆರಿಕದ ಕೆಲವು ಹವ್ಯಾಸಿಗಳಿಗೆ ನಳಿಗೆಯ ತುದಿಯ ಕಿತ್ತಳೆ ಬಣ್ಣ ಹೋಗುವ ತನಕ ಕೆಲಸ ಮುಗಿದಂತಲ್ಲ. ನಕಲಿಯೆಂದು ತಿಳಿಯಲು ಅಂಥ ಗುರುತು ಹಾಕಿಯೇ ಮಾರಬೇಕೆಂದು ಅಲ್ಲಿಯ ಕಾನೂನು. ಅದನ್ನು ತೆಗೆಯುವುದರಲ್ಲಿ ಯಾವ ಕೈಚಳಕವಿದೆ ಸ್ವಾಮಿ? ಒಂದು ಡಬ್ಬಿ ಕಪ್ಪು ಬಣ್ಣ ಸಾಕು.

2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡಿನ ಪಾರ್ಕಿನಲ್ಲಿ 12 ವರ್ಷದ ಕಪ್ಪು ಹುಡುಗ ತಮೀರ್ ರೈಸ್ ಹಿಡಿದಿದ್ದುದು ಏರ್‌ಸಾಫ್ಟ್ ಪಿಸ್ತೂಲು. ಕಿತ್ತಳೆ ತುದಿ ಇರಲಿಲ್ಲ. ಪೊಲೀಸರಿಗೆ ಫೋನ್ ಮಾಡಿದವರು ‘ಬಹುಶಃ ನಕಲಿ’ ಎಂದಿದ್ದರು. ಆ ಮಾತು ಕಾರಿನಲ್ಲಿದ್ದವರಿಗೆ ತಲುಪಲೇ ಇಲ್ಲ. ಅವರು ಬಂದ ಎರಡು ಸೆಕೆಂಡಿನೊಳಗೆ ಹುಡುಗನಿಗೆ ಗುಂಡು ಬಿತ್ತು. ಮರುದಿನ ತೀರಿಕೊಂಡ.

ಹೊಣೆ ಗುಂಡು ಹಾರಿಸಿದವನದು, ಅದರಲ್ಲಿ ನನಗೆ ಸಂಶಯವಿಲ್ಲ. ತುದಿ ಇದ್ದರೂ ಕೊಲ್ಲುತ್ತಿದ್ದರು ಎನ್ನುತ್ತೀರಾ? ಇರಬಹುದು. ಹೆಲ್ಮೆಟ್ ಹಾಕಿದವರೂ ಸಾಯುತ್ತಾರೆ, ಅದಕ್ಕೆ ಹೆಲ್ಮೆಟ್ ಎಸೆಯುತ್ತೀರಾ?

‘ನನ್ನದು ಕಪಾಟು ಬಿಟ್ಟು ಹೊರಗೆ ಹೋಗುವುದಿಲ್ಲ’ ಎನ್ನುವವರೂ ಇದ್ದಾರೆ. ತಮೀರ್‌ನ ಕೈಗೆ ಆ ಪಿಸ್ತೂಲು ಬಂದದ್ದು ಗೆಳೆಯನಿಂದ.